ನಡುಗಡ್ಡೆಯ ತರ್ಜುಮೆ

ದಢೇಸುಗೂರಿನ ಹತ್ತಿರ ತುಂಗಭದ್ರೆ ಎರಡು ಕವಲಾಗಿ ಒಡೆದು, ಸ್ವಲ್ಪ ದೂರ ಹರಿದು, ಮತ್ತೆ ಕೂಡುತ್ತದೆ. ನಡುವೆ ಉಳಿಯುವುದು ಒಂದು ಗಡ್ಡೆ. ಮಳೆಗಾಲದಲ್ಲಿ ಮುಳುಗಿರುತ್ತದೆ. ದೀಪಾವಳಿ ಕಳೆದು ನೀರಿಳಿದಾಗ ಮೇಲೆದ್ದು ಬಿಸಿಲಿಗೆ ಮೈಯೊಡ್ಡುತ್ತದೆ. ಅದರ ಮರಳಿನಲ್ಲಿ ಬೆಳೆಯುವ ಕರಬೂಜದ ರುಚಿ ಸಿಂಧನೂರಿನ ಸಂತೆಗೆ ಹೋದವರಿಗೆಲ್ಲ ಗೊತ್ತು. ನಾನು ಹೇಳುತ್ತಿರುವ ವರ್ಷ ಮಾತ್ರ ನೀರಿಳಿದರೂ ಅಲ್ಲಿ ಯಾರೂ ಬೀಜ ಊರಿರಲಿಲ್ಲ. ಬಡಗಣ ದಡದ ನಿಜಾಮರ ಸರ್ಕಾರವೂ ತೆಂಕಣ ದಡದ ಮದರಾಸಿನ ಸರ್ಕಾರವೂ ಗಡ್ಡೆ ತಮ್ಮದೆಂದು ಜಗಳ ಹೂಡಿದ್ದವು.

ನಾನು ಆಗ ಲಿಂಗಸುಗೂರಿನಲ್ಲಿ ತರ್ಜುಮೆ ಮುನ್ಷಿ. ಮಸ್ಕಿಯವನು. ನಮ್ಮದು ಮುಸಲ್ಮಾನರ ಮನೆ. ಒಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ. ಕಚೇರಿಯ ಉರ್ದು ಮತ್ತು ಶಾಲೆಯ ಇಂಗ್ಲಿಷು ಆಮೇಲೆ ಸೇರಿಕೊಂಡವು. ಹೊಲದ ತಕರಾರು, ಬಾವಿಯ ತಕರಾರು, ದನ ಕಳುವಾದ ಫಿರ್ಯಾದು ಇಂಥವನ್ನು ಕನ್ನಡದಿಂದ ಉರ್ದುವಿಗೆ ತಿರುಗಿಸುವುದು ನನ್ನ ಕೆಲಸ. ಗಡ್ಡೆಯ ಕಡತ ನನ್ನ ಮೇಜಿಗೆ ಬಂದಾಗ ಅದರ ಮೇಲೆ ‘ಪರರಾಜ್ಯ ವ್ಯವಹಾರ’ ಎಂದು ಬರೆದಿತ್ತು. ಒಬ್ಬರ ಮನೆಯ ಒಗ್ಗರಣೆಯ ವಾಸನೆ ಇನ್ನೊಬ್ಬರ ಮನೆಗೆ ಹೋಗುವಷ್ಟು ಹತ್ತಿರದ ಊರು ಪರರಾಜ್ಯವಾದದ್ದು ಕಂಡು ನಗು ಬಂತು.

ಆದರೆ ಅಲ್ಲಿಯವರಿಗೆ ನಗು ಬರುವಂತಿರಲಿಲ್ಲ. ಹೊಳೆಯ ಆಳದ ಹರಿವೇ ಗಡಿ ಎಂಬುದು ಎರಡೂ ಸರ್ಕಾರಗಳು ಒಪ್ಪಿದ ಮಾತು. ಹಿಂದಿನ ಪ್ರವಾಹದಲ್ಲಿ ಆ ಹರಿವು ಗಡ್ಡೆಯ ತೆಂಕಣ ಮಗ್ಗುಲಿನಿಂದ ಬಡಗಣ ಮಗ್ಗುಲಿಗೆ ಸರಿಯಿತು. ಗಡ್ಡೆ ಹಾಗೆಯೇ ಇತ್ತು, ಗಡಿ ಅದನ್ನು ದಾಟಿ ಈಚೆ ಬಂದಿತ್ತು. ನಮ್ಮ ಸುಂಕದ ನಾಕಾದವರು ಅಲ್ಲಿ ಮೇಯುತ್ತಿದ್ದ ಆಚೆಯವರ ಎಮ್ಮೆಗಳನ್ನು ಹಿಡಿದರು. ಆಚೆಯ ಪೊಲೀಸರು ನಮ್ಮವರ ಹರಗೋಲುಗಳನ್ನು ಹಿಡಿದರು. ಆಮೇಲೆ ರಹದಾರಿ ಚೀಟಿ ಇಲ್ಲದೆ ಯಾರೂ ಹೊಳೆ ದಾಟಬಾರದೆಂದಾಯಿತು. ಕೊನೆಗೆ ಎರಡೂ ಕಡೆಯಿಂದ ಒಬ್ಬೊಬ್ಬ ಅಧಿಕಾರಿ ಬಂದು, ಗಡ್ಡೆ ಇಲ್ಲಿಯತನಕ ಯಾರ ಕಬ್ಜಾದಲ್ಲಿತ್ತು ಎಂದು ವಿಚಾರಿಸಬೇಕೆಂದು ಗೊತ್ತಾಯಿತು.

ನಮ್ಮ ಕಡೆಯ ಸಾಹೇಬರು ಹೈದರಾಬಾದಿನಿಂದ ಬಂದರು. ತೆಳ್ಳನೆಯ ಮನುಷ್ಯ, ಮಾತಿನಲ್ಲಿ ಅತ್ತರಿನ ನಯ. ನನ್ನ ದಖನಿ ಬೆರೆತ ಉರ್ದು ಕೇಳಿ ಮೊದಲ ದಿನವೇ, “ಮುನ್ಷಿ, ನಿನ್ನ ಉರ್ದು ಚಕ್ಕಡಿಯಲ್ಲಿ ಕೂತು ಬಂದಂತಿದೆ” ಎಂದರು. ಲಿಂಗಸುಗೂರಿನಿಂದ ಅವರು ಮೋಟಾರಿನಲ್ಲಿ ಹೊರಟರು. ನಾನು ಪೆಟ್ಟಿಗೆ, ಡೇರೆಗಳ ಜೊತೆ ನಿಜವಾಗಿಯೂ ಚಕ್ಕಡಿಯಲ್ಲಿ ಹೊರಟೆ. ಮಸ್ಕಿಯಲ್ಲಿ ಮನೆಗೆ ಹೋಗಿ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಹಿಡಿದುಕೊಂಡು, ಎರಡೂ ಬದಿಗೆ ಎದೆಮಟ್ಟ ನಿಂತ ಬಿಳಿಜೋಳದ ನಡುವೆ ಸಿಂಧನೂರು ದಾಟಿ ಹೊಳೆಯ ದಂಡೆ ಸೇರಿದೆ.

ಮೊದಲ ಬೈಠಕ್ಕು ಎಲ್ಲಿ ನಡೆಯಬೇಕೆಂಬುದೇ ಮೊದಲ ತೊಡಕಾಯಿತು. ನಮ್ಮ ದಡಕ್ಕೆ ಅವರು ಬಂದರೆ ಅವರ ಸರ್ಕಾರಕ್ಕೆ ಕುಂದು. ಅವರ ದಡಕ್ಕೆ ನಾವು ಹೋದರೆ ನಮಗೆ ಕುಂದು. ಕೊನೆಗೆ ಗಡ್ಡೆಯ ಮೇಲೆಯೇ ಕೂಡುವುದೆಂದಾಯಿತು. ಅಲ್ಲಿ ಕುರ್ಚಿಯ ತೊಡಕು. ಅವರ ಕುರ್ಚಿಯ ಬೆನ್ನು ನಮ್ಮದಕ್ಕಿಂತ ಎತ್ತರವೆಂದು ನಮ್ಮ ಜವಾನ ಸಾಹೇಬರ ಕುರ್ಚಿಯ ಕೆಳಗೆ ಜಮಖಾನೆ ಮಡಚಿ ಹಾಕಿದ. ಅದನ್ನು ಕಂಡು ಅವರ ಜವಾನ ತಮ್ಮ ಕುರ್ಚಿಯ ಕೆಳಗೆ ಹಲಗೆ ತುರುಕಿದ. ಅವರ ಕಡೆಯ ಅಧಿಕಾರಿ ತಮಿಳು ದೇಶದವರು, ದಪ್ಪ ಆಳು. ಅವರು ಕೂತ ಕೂಡಲೇ ಮರಳು ಕುಸಿದು ಹಲಗೆ ವಾಲಿತು. ಕುರ್ಚಿ ಸಮೇತ ಅವರು ನಮ್ಮ ಸಾಹೇಬರ ಮೇಲೆ ಬೀಳುವುದಿತ್ತು. ಸಾಹೇಬರು ಎದ್ದು ಎರಡೂ ಕೈಯಿಂದ ಅವರನ್ನು ಹಿಡಿದರು. ಎರಡು ಸರ್ಕಾರಗಳು ಒಂದು ಗಳಿಗೆ ಅಪ್ಪಿಕೊಂಡೇ ನಿಂತವು. ಯಾರೂ ನಗುವಂತಿಲ್ಲ. ನಾನು ಕೆಳತುಟಿ ಕಚ್ಚಿ ಎದುರಿಗೆ ನೋಡಿದರೆ, ಅವರ ಕಡೆಯ ದುಭಾಷಿ ಕೊಡೆಯನ್ನು ಅಡ್ಡ ಹಿಡಿದು ಅದರ ಹಿಂದೆ ಅಲುಗಾಡುತ್ತಿದ್ದರು. ಆಮೇಲೆ ಕುರ್ಚಿಗಳು ಹೋದವು. ಜಮಖಾನೆ ಹಾಸಿ ಎಲ್ಲರೂ ನೆಲಕ್ಕೆ ಕೂತರು.

ವಿಚಾರಣೆಯ ಕ್ರಮ ನಿಶ್ಚಯವಾಯಿತು. ಅವರವರ ಸಾಕ್ಷಿಗಳ ಹೇಳಿಕೆಯನ್ನು ಅವರವರ ದಡದ ಡೇರೆಯಲ್ಲಿ ಬರೆದುಕೊಳ್ಳಬೇಕು. ನಮ್ಮದು ಉರ್ದುವಿಗೆ, ಅವರದು ಇಂಗ್ಲಿಷಿಗೆ ತರ್ಜುಮೆ. ಆಮೇಲೆ ಗಡ್ಡೆಯ ಮೇಲೆ ಕೂಡಿ ಪ್ರತಿಗಳನ್ನು ಬದಲಾಯಿಸಿಕೊಳ್ಳಬೇಕು.

ನಮ್ಮ ಮುಖ್ಯ ಸಾಕ್ಷಿ ದಂಡೆಯ ಊರಿನ ಗೌಡರು. ಹೇಳಿಕೆ ಕೊಡುವ ಮೊದಲೇ ನನಗೆ ತಮ್ಮ ಮನೆಯ ಸಂಕಟ ಹೇಳಿಕೊಂಡಿದ್ದರು.

“ನಮ್ಮಕ್ಕನ್ನ ಆಚಿ ದಡದಾಗ ಕೊಟ್ಟೇವ್ರಿ. ಆಕಿ ಮಗಗ ನನ್ನ ಮಗಳ್ನ ಕೊಡಾಕ ಮಾತಾಗೇತಿ. ನಮ್ಮ ಕಟ್ಟಿ ಮ್ಯಾಲ ನಿಂತ್ರ ಅಕ್ಕನ ಒಲಿ ಹೊಗಿ ಕಾಣ್ತೈತಿ. ಆದ್ರ ಚೀಟಿ ಇಲ್ದ ಹೋಗಂಗಿಲ್ಲ. ದಿಬ್ಬಣದಾಗ ಬರೋ ಅಷ್ಟೂ ಮಂದಿಗೆ ಚೀಟಿ ಎಲ್ಲಿಂದ ತರ್ಲಿ? ಈಗ ನಾ ಮೊಗಲಾಯಿ ಸಾಕ್ಷಿ, ಅಕ್ಕ ಕುಂಪಣಿ ಸಾಕ್ಷಿ ಆಗೇವಿ ನೋಡ್ರಿ!” ನಿಜಾಮರ ಸೀಮೆಯನ್ನು ಮೊಗಲಾಯಿ, ಆಚೆಯ ಬ್ರಿಟಿಷರ ಸೀಮೆಯನ್ನು ಕುಂಪಣಿ ಎನ್ನುವುದು ನಮ್ಮ ಕಡೆಯ ರೂಢಿ.

ಡೇರೆಯಲ್ಲಿ ಸಾಹೇಬರ ಮುಂದೆ ಕೂತು, ಗಡ್ಡೆ ಯಾರದೆಂದು ಕೇಳಿದಾಗ ಗೌಡರು ರುಮಾಲು ಸರಿಪಡಿಸಿಕೊಂಡು ಹೇಳಿದರು: “ಮ್ಯಾಲಿನ ತುದಿ ನಾವು ಬಿತ್ತತೀವ್ರಿ. ಕೆಳಗಿನ ತುದಿ ಆಚಿಯವ್ರು ಬಿತ್ತತಾರ. ನಮ್ಮಪ್ಪನ ಕಾಲಕ್ಕೂ ಹಂಗ ಇತ್ತು. ಅರ್ಧ ನಮ್ದು, ಅರ್ಧ ಅವ್ರದು. ಕೂಡಿ ಉಣ್ಣತೀವಿ.”

ನಾನು ಉರ್ದುವಿನಲ್ಲಿ ಹೇಳಿದೆ. ಸಾಹೇಬರ ಕೈಯಲ್ಲಿದ್ದ ಚಹದ ಬಟ್ಟಲು ತುಟಿಗೆ ಹೋಗದೆ ನಿಂತಿತು. ಅದನ್ನು ಕೆಳಗಿಟ್ಟು ಗೌಡರನ್ನು ಕಳಿಸಿದರು.

ಅಂದು ಹೊತ್ತು ಇಳಿಯುವಾಗ ನನ್ನನ್ನು ಕರೆದರು. “ಮುನ್ಷಿ, ಗೌಡನ ಹೇಳಿಕೆಯನ್ನು ‘ಮೇಲಿನ ತುದಿ ನಾವು ಬಿತ್ತುತ್ತೇವೆ’ ಎಂಬಲ್ಲಿಗೆ ನಿಲ್ಲಿಸು.”

“ಹುಜೂರ್, ಅವರು ಅಲ್ಲಿಗೆ ನಿಲ್ಲಿಸಲಿಲ್ಲ.”

“ಅದು ನನಗೂ ಕೇಳಿಸಿದೆ.” ಅವರು ಸಿಟ್ಟಾಗಲಿಲ್ಲ. ಎದುರಿಗೆ ಕೂರಲು ಹೇಳಿದರು. “ಇದು ನನ್ನ ಸ್ವಂತ ಹೊಲವಾಗಿದ್ದರೆ ನಿಜ ಹೇಳಿ ಕಳೆದುಕೊಳ್ಳುತ್ತಿದ್ದೆ. ಇದು ರಿಯಾಸತ್ತಿನ ನೆಲ. ಅರ್ಧ ಅವರದೆಂದು ನಾವು ಬರೆದುಕೊಟ್ಟೆವು ಅಂತಿಟ್ಟುಕೋ. ಅವರು ಪೂರ್ತಿ ತಮ್ಮದೆಂದು ಬರೆದರೆ? ನನ್ನ ಮನಸ್ಸಿನ ಸಮಾಧಾನಕ್ಕೆ ಸರ್ಕಾರ ದಂಡ ತೆರಬೇಕೇ? ಒಬ್ಬನೇ ಒಬ್ಬ ಸತ್ಯ ಹೇಳಿದರೆ ಅದು ಸೌಜನ್ಯವಲ್ಲ ಮುನ್ಷಿ, ದಡ್ಡತನ.”

ಕೆಟ್ಟ ಮನುಷ್ಯ ಹೇಳಿದ ಮಾತಾಗಿದ್ದರೆ ಸುಲಭವಾಗಿ ತಳ್ಳಿಹಾಕುತ್ತಿದ್ದೆ. ಅವರು ಒಳ್ಳೆಯವರು, ಅವರ ಪ್ರಶ್ನೆಯಲ್ಲಿ ಹುರುಳಿತ್ತು. ಆದರೆ ಗೌಡರು ನನ್ನ ಮುಖ ನೋಡುತ್ತ ಹೇಳಿದ ಮಾತದು. ನಾನು ನಡುವೆ ಇರುವುದು ಆ ಮಾತು ಆಚೆ ದಾಟಲಿ ಎಂದೇ ಹೊರತು ಬೇರೆ ಯಾತಕ್ಕೂ ಅಲ್ಲ. ತರ್ಜುಮೆಯಲ್ಲಿ ತಪ್ಪು ಮಾಡಿ ಬೈಸಿಕೊಂಡದ್ದುಂಟು. ಬೇಕೆಂದೇ ಒಂದು ಮಾತು ನುಂಗಿದ್ದಿಲ್ಲ.

ಮರುದಿನ ಬೆಳಿಗ್ಗೆ ಮುಖ ತೊಳೆಯಲು ಹೊಳೆಗೆ ಇಳಿದೆ. ಆಚೆಯ ದುಭಾಷಿ ಪ್ರತಿಗಳನ್ನು ಬದಲಾಯಿಸಿಕೊಳ್ಳುವ ಹೊತ್ತು ಗೊತ್ತು ಮಾಡಲು ಹರಗೋಲಿನಲ್ಲಿ ಈಚೆ ಬಂದಿದ್ದರು. ಬಳ್ಳಾರಿಯ ಮುದುಕರು. ನಶ್ಯದ ಡಬ್ಬಿ, ಹಳೆಯ ಕೊಡೆ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ಒಂದು ಬಂಡೆಯ ಮೇಲೆ ಕೂತು ಕೇಳಿದರು:

“ಮುನ್ಷಿಗಳೇ, ನಿಮ್ಮ ಗೌಡರು ಭಾಳ ಮಾತಾಡಿದರಂತೆ?”

“ಮಾತಾಡಿದ್ರು. ನಿಮ್ಮ ಕಡೆ ಅವ್ರ ಅಕ್ಕ?”

“ಆಕಿ ಮಾತಾಡಿದ್ದು ದೊಡ್ಡದು. ನಾನು ಬರದದ್ದು ಸಣ್ಣದಾಗೇತಿ.” ಹೇಳಿ ಹೊಳೆ ಕಡೆ ನೋಡಿದರು.

ನಾನೂ ಹೊಳೆ ಕಡೆ ನೋಡಿದೆ. “ನಂದೂ ಸಣ್ಣದಾಗಬೇಕಂತ ಹುಕುಂ ಆಗೇತ್ರಿ.”

ದುಭಾಷಿ ನಶ್ಯ ಏರಿಸುತ್ತಿದ್ದವರು ಥಟ್ಟನೆ ತಿರುಗಿದರು. ಸೀನು, ನಗು ಎರಡೂ ಒಟ್ಟಿಗೆ ಬಂದು ಕಣ್ಣಲ್ಲಿ ನೀರು ಸುರಿಯಿತು. ನನಗೂ ತಡೆಯಲಾಗಲಿಲ್ಲ. ಅವರು ಸುಳ್ಳು ಹೇಳಿಯಾರೆಂದು ನಾವು, ನಾವು ಸುಳ್ಳು ಹೇಳಿಯೇವೆಂದು ಅವರು. ಎರಡು ಸರ್ಕಾರಗಳೂ ಒಂದೇ ಮಾತನ್ನು ಬಚ್ಚಿಡಲು ಹೊರಟಿದ್ದವು.

ಇದನ್ನು ನಾನು ಸಾಹೇಬರಿಗೆ ಹೇಳುವಂತಿರಲಿಲ್ಲ. ಹೇಳಿದರೆ ದುಭಾಷಿಯ ಕೆಲಸ ಹೋಗುತ್ತಿತ್ತು. ಅವರೂ ನನ್ನ ವಿಷಯ ಹೇಳುವಂತಿರಲಿಲ್ಲ. ಆಗ ನನಗೊಂದು ಯೋಚನೆ ಹೊಳೆಯಿತು. ನಮ್ಮ ಕಚೇರಿಯಲ್ಲಿ ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸುವ ಮೊದಲು ಅದನ್ನು ಹೇಳಿದವನಿಗೇ ಓದಿ ಕೇಳಿಸುವ ರೂಢಿಯಿತ್ತು. ಅದನ್ನೇ ಇಲ್ಲಿ ಮಾಡಬಾರದೇಕೆ?

“ನಮ್ಮ ಗೌಡರ ಹೇಳಿಕಿ ನೀವು ಓದ್ರಿ. ಅಕ್ಕನ ಹೇಳಿಕಿ ನಾ ಓದ್ತೀನಿ. ಗಡ್ಡಿ ಮ್ಯಾಲ, ಕನ್ನಡದಾಗ, ಎರಡೂ ಊರಿನ ಮಂದಿ ಮುಂದ.”

ದುಭಾಷಿಯ ಮುಖದ ನಗು ಇಳಿಯಿತು. “ನನಗಿನ್ನ ಪಿಂಚಣಿ ಬರೋದು ಐತ್ರಿ.”

“ನೀವು ಕೇಳಬ್ಯಾಡ್ರಿ, ನಾ ಕೇಳ್ತೀನಿ. ನಿಮ್ಮ ಸಾಹೇಬ್ರು ನಿಮ್ಮನ್ನ ವಿಚಾರಿಸಿದ್ರ, ಬ್ಯಾಡ ಅನಬ್ಯಾಡ್ರಿ. ಅಷ್ಟು ಸಾಕು.”

ಅವರು ಕೊಡೆ ಎತ್ತಿಕೊಂಡು ಎದ್ದರು. ಹರಗೋಲು ಹತ್ತುವಾಗ, “ನಾ ಬರದದ್ದು ಇನ್ನೂ ಕರಡೇ ಐತಿ, ಶುದ್ಧಪ್ರತಿ ಆಗಿಲ್ಲ” ಎಂದಷ್ಟೇ ಹೇಳಿದರು.

ಎಲ್ಲರ ಮುಂದೆ ಒಮ್ಮೆಲೇ ಕೇಳಿ ಸಾಹೇಬರನ್ನು ಸಿಕ್ಕಿಸುವುದು ನನಗೆ ಬೇಡವಾಗಿತ್ತು. ನೇರ ಡೇರೆಗೆ ಹೋದೆ.

“ಹುಜೂರ್, ಗೌಡರ ಹೇಳಿಕೆ ಪೂರ್ತಿ ಬರೆದಿದ್ದೇನೆ. ಆ ಮಾತು ತೆಗೆಯಲೇಬೇಕೆಂದರೆ ತಾವೇ ಹೊಡೆದುಹಾಕಿ ರುಜು ಮಾಡಬೇಕು. ನನ್ನ ಕೈಯಿಂದ ಆಗದು. ಆದರೆ ತಾವು ನಿನ್ನೆ ಕೇಳಿದ ಪ್ರಶ್ನೆಗೆ ಉತ್ತರ ತಂದಿದ್ದೇನೆ.”

ಅವರು ಹುಬ್ಬೇರಿಸಿದರು. ನಾನು ಓದಿ ಕೇಳಿಸುವ ಕ್ರಮ ವಿವರಿಸಿದೆ. “ನಮ್ಮದನ್ನು ಅವರ ದುಭಾಷಿ ಓದಲಿ, ಅವರದನ್ನು ನಾನು ಓದುತ್ತೇನೆ. ಬಿಟ್ಟದ್ದು, ಸೇರಿಸಿದ್ದು ಏನಿದ್ದರೂ ಹೇಳಿದವರೇ ಹಿಡಿಯುತ್ತಾರೆ. ಆಗ ಸತ್ಯ ಹೇಳುವವರು ನಾವೊಬ್ಬರೇ ಆಗುವುದಿಲ್ಲ.”

“ಅವರು ಒಪ್ಪದಿದ್ದರೆ?”

“ಯಾಕೆ ಒಪ್ಪಲಿಲ್ಲವೆಂದು ತಾವು ಹೈದರಾಬಾದಿಗೆ ಬರೆಯಬಹುದು, ಹುಜೂರ್.”

ಸಾಹೇಬರು ಎದ್ದು ಡೇರೆಯ ಬಾಗಿಲಿಗೆ ಹೋಗಿ ಹೊಳೆಯನ್ನು ನೋಡುತ್ತ ನಿಂತರು. ನಾನು ಮನಸ್ಸಿನಲ್ಲೇ ನನ್ನ ವರ್ಗಾವಣೆಯ ಊರುಗಳನ್ನು ಎಣಿಸತೊಡಗಿದೆ. ಕೊನೆಗೆ ತಿರುಗಿ ಹೇಳಿದರು: “ನಿನ್ನೆ ಸರಿಯಾಗಿ ನಿದ್ದೆ ಬರಲಿಲ್ಲ, ಮುನ್ಷಿ. ಇವತ್ತು ಬರುತ್ತದೋ ಏನೋ ನೋಡೋಣ. ಕೇಳು ಹೋಗು. ಎಡವಟ್ಟಾದರೆ ನಿನ್ನನ್ನೂ ನನ್ನನ್ನೂ ಒಂದೇ ಚಕ್ಕಡಿಯಲ್ಲಿ ಕಳಿಸುತ್ತಾರೆ.”

ಗಡ್ಡೆಯ ಮೇಲೆ ಎರಡೂ ಊರಿನವರು ಸೇರಿದ್ದರು. ನಾನು ಎದ್ದು ನಿಂತು ನಮ್ಮ ಕಡೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಚೆಯ ಅಧಿಕಾರಿ ದುಭಾಷಿಯ ಕಡೆ ವಾಲಿ ಏನೋ ಕೇಳಿದರು. ದುಭಾಷಿ ಕೊಡೆ ಮಡಚಿ ಮರಳಿನಲ್ಲಿ ಊರಿ, ಎಲ್ಲರಿಗೂ ಕೇಳುವಂತೆ ಹೇಳಿದರು: “ಸರಿಯಾದ ಪದ್ಧತಿ, ಸರ್.” ಆ ಮೂರು ಮಾತಿಗೆ ಆ ಮುದುಕರು ಎಷ್ಟು ಧೈರ್ಯ ಕೂಡಿಸಿಕೊಂಡಿದ್ದರೋ, ನನಗೊಬ್ಬನಿಗೇ ಗೊತ್ತು. ಅಧಿಕಾರಿ ಒಪ್ಪಿ ತಲೆಯಾಡಿಸಿದರು.

ಗೌಡರ ಹೇಳಿಕೆಯನ್ನು ನಾನು ಉರ್ದುವಿನ ಜೊತೆಗೆ ಕನ್ನಡದಲ್ಲೂ ಬರೆದಿಟ್ಟಿದ್ದೆ. ದುಭಾಷಿ ಅದನ್ನು ಗಂಟಲು ಸರಿಪಡಿಸಿಕೊಂಡು ಓದಿದರು. “ಅರ್ಧ ನಮ್ಮದು, ಅರ್ಧ ಅವರದು. ಕೂಡಿ ಉಣ್ಣುತ್ತೇವೆ.” ಮಂದಿಯಲ್ಲಿ ಗುಜುಗುಜು ಎದ್ದಿತು. ಆಚೆಯ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿಸಿಕೊಂಡು, ನಂಬದವರಂತೆ ಮತ್ತೊಮ್ಮೆ ಹೇಳಿಸಿದರು. ಆಮೇಲೆ ನಮ್ಮ ಸಾಹೇಬರನ್ನೇ ದಿಟ್ಟಿಸಿದರು. ಸಾಹೇಬರು ಮುಖ ಬಿಗಿದು ಕೂತಿದ್ದರು.

ಈಗ ನನ್ನ ಸರದಿ. ದುಭಾಷಿ ಕೊಟ್ಟ, ಅಕ್ಕನ ಹೇಳಿಕೆಯ ಕನ್ನಡ ಹಾಳೆ ಹಿಡಿದೆ. ಆ ಮಾತು ಇದರಲ್ಲಿಲ್ಲದಿದ್ದರೆ ನಾನು ಸಾಹೇಬರನ್ನು ಕೈಯಾರೆ ಮುಳುಗಿಸಿದಂತೆ. ಕಣ್ಣು ತಾನಾಗಿ ಕೆಳಗೆ ಓಡಿತು. ಇತ್ತು. ಆಗಷ್ಟೇ ಬರೆದ ಕಪ್ಪು ಮಸಿಯಲ್ಲಿ, ಮುತ್ತಿನಂಥ ಅಕ್ಷರದಲ್ಲಿತ್ತು. ನನ್ನ ದನಿ ಎಷ್ಟು ಮೇಲೇರಿತೆಂದರೆ ದಡದಲ್ಲಿ ಬಟ್ಟೆ ಒಗೆಯುವವರೂ ಕೈ ನಿಲ್ಲಿಸಿದರು.

“ಕೆಳಗಿನ ತುದಿ ನಮ್ಮದು. ಮೇಲಿನ ತುದಿ ನನ್ನ ತವರುಮನೆಯವರದು. ಎರಡೂ ಕಡೆಯವರು ಕೂಡಿಯೇ ಬೇಲಿ ಕಟ್ಟುತ್ತೇವೆ.”

“ನಿಂದರ್ರಿ!” ಗೌಡರ ಅಕ್ಕ ಎದ್ದು ನಿಂತಳು. “ಹಣ್ಣಿನ ಮಾತು ಬಿಟ್ಟೀರಿ. ತಮ್ಮನ ತುದಿ ಹಣ್ಣಿಗಿಂತ ನಮ್ಮ ತುದಿ ಹಣ್ಣು ಸಿಹಿ ಅಂತ ಹೇಳಿದ್ದೆ. ಅದನ್ನ ಯಾಕ ಬರದಿಲ್ಲ?”

“ಯಕ್ಕಾ, ಸುಳ್ಳು ಹೇಳಬ್ಯಾಡ!” ಗೌಡರೂ ಎದ್ದರು. “ಸರ್ಕಾರದ ಮುಂದ ನಿಂತೀದಿ!”

“ಸರ್ಕಾರನೂ ತಿಂದು ನೋಡ್ಲಿ ಬಿಡು!”

ಗಡ್ಡೆಯೆಲ್ಲ ನಗೆಯಾಯಿತು. ಆಚೆಯ ಅಧಿಕಾರಿ ಏನೆಂದು ಕೇಳಿದರು. ದುಭಾಷಿ ಗಂಭೀರವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಹೇಳಿದ ಮಾತೆಲ್ಲ ದಾಖಲಾಗಬೇಕಲ್ಲ! ಹಣ್ಣಿನ ಸಿಹಿಯೂ ಅದಕ್ಕೆ ಗೌಡರ ತಕರಾರೂ ಎರಡು ಸರ್ಕಾರಗಳ ಕಾಗದದಲ್ಲಿ ಸೇರಿದವು. ಆಚೆಯ ಅಧಿಕಾರಿಯ ಹೊಟ್ಟೆ ನಗೆಯಿಂದ ಕುಣಿಯುತ್ತಿತ್ತು. ಅವರು ಸಾಹೇಬರ ಕಡೆ ತಿರುಗಿ, “ನಿಮ್ಮ ಸಾಕ್ಷಿ ನನ್ನ ಪರ ಹೇಳುತ್ತಾನೆ, ನನ್ನ ಸಾಕ್ಷಿ ನಿಮ್ಮ ಪರ ಹೇಳುತ್ತಾಳೆ” ಎಂದರು. ಅಲ್ಲಿಯವರೆಗೆ ಉರ್ದು ಬಿಟ್ಟು ಒಂದಕ್ಷರ ಆಡದಿದ್ದ ನಮ್ಮ ಸಾಹೇಬರು ಸೊಗಸಾದ ಇಂಗ್ಲಿಷಿನಲ್ಲಿ ಉತ್ತರಿಸಿದರು: “ಹಾಗಾದರೆ ನಾವಿಬ್ಬರೂ ಗೆದ್ದೆವು.”

ಅಲ್ಲಿಂದ ಕೆಲಸ ನಮ್ಮಿಬ್ಬರದಾಯಿತು. ಎರಡೂ ಸರ್ಕಾರಗಳಿಗೆ ಹೋಗುವ ಶಿಫಾರಸು ಉರ್ದುವಿನಲ್ಲೂ ಇಂಗ್ಲಿಷಿನಲ್ಲೂ ಒಂದೇ ಅರ್ಥ ಕೊಡಬೇಕು. ‘ಅರ್ಧ’ ಎಂಬಲ್ಲಿ ದುಭಾಷಿ ಲೇಖನಿ ನಿಲ್ಲಿಸಿದರು. “ಅರ್ಧ ಅಂತ ಬರದ್ರ ನಾಳೆ ಯಾರರೆ ಸರಪಳಿ ಹಿಡಕೊಂಡು ಅಳಿಯಾಕ ಬರ್ತಾರ.” ಅಕ್ಕ-ತಮ್ಮರನ್ನೇ ಕರೆದು ಕೇಳಿದೆವು. ಹೊಳೆ ವರ್ಷವರ್ಷವೂ ಗಡ್ಡೆಯನ್ನು ತಿದ್ದುತ್ತದೆ, ಒಂದು ವರ್ಷ ಈ ತುದಿ ಬೆಳೆದರೆ ಇನ್ನೊಂದು ವರ್ಷ ಆ ತುದಿ. ನೀರಿಳಿದ ಮೇಲೆ ನಿಂತು ಮಾತಾಡಿ ಹಂಚಿಕೊಳ್ಳುತ್ತೇವೆ ಎಂದರು. ‘ಅರ್ಧ’ ಸಾಕ್ಷಿಗಳ ಹೇಳಿಕೆಯಲ್ಲೇ ಉಳಿಯಿತು. ಶಿಫಾರಸಿನಲ್ಲಿ ‘ಕೂಡಿ’ ಬಂತು. ಅದಕ್ಕೆ ಉರ್ದುವಿನಲ್ಲಿ ಒಂದು ಮಾತು, ಇಂಗ್ಲಿಷಿನಲ್ಲಿ ಒಂದು ಮಾತು ಹುಡುಕಿ, ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ‘ಕೂಡಿ’ ಎಂದೇ ಬರುತ್ತದೋ ಇಲ್ಲವೋ ನೋಡಿದೆವು. ಬಂದಾಗ ಇಬ್ಬರೂ ಮಕ್ಕಳಂತೆ ಹಿಗ್ಗಿದೆವು. ಗಡಿ ಎಲ್ಲಿ ಹಾಯ್ದರೂ ಗಡ್ಡೆಯ ಸಾಗುವಳಿ ಎರಡೂ ದಡದವರದು, ಗಡ್ಡೆಗೆ ಬಂದು ಹೋಗಲು ಚೀಟಿ ಬೇಡ ಎಂದು ಇಬ್ಬರೂ ಅಧಿಕಾರಿಗಳು ಬರೆಸಿದರು. ಯಾರು ಮೊದಲು ರುಜು ಹಾಕಬೇಕೆಂಬ ಪ್ರಶ್ನೆ ಏಳುವ ಮೊದಲೇ, ಇಬ್ಬರೂ ಒಂದೊಂದು ಪ್ರತಿ ಹಿಡಿದು ಒಟ್ಟಿಗೇ ಹಾಕಿ ಬದಲಾಯಿಸಿಕೊಂಡರು. ಹದ ಹೋಗುತ್ತದೆಂದು ಬಿತ್ತನೆಗೆ ಬಾಯಿಮಾತಿನ ಅಪ್ಪಣೆ ಅಂದೇ ಸಿಕ್ಕಿತು. ಎಮ್ಮೆಗಳು ಆಚೆ ಈಜಿದವು, ಹರಗೋಲುಗಳು ಈಚೆ ತೇಲಿದವು.

ಮರಳುವಾಗ ಸಾಹೇಬರು ನನ್ನನ್ನು ಮೋಟಾರಿನಲ್ಲಿ ಕೂರಿಸಿಕೊಂಡರು. ಮಸ್ಕಿಯಲ್ಲಿ ನಮ್ಮ ಮನೆಯ ಮುಂದೆ ಇಳಿದು ಚಹ ಕುಡಿದರು. ಪರದೆಯ ಹಿಂದೆ ನಿಂತಿದ್ದ ಅಮ್ಮನಿಗೆ, “ನಿಮ್ಮ ಮಗ ನನ್ನ ಮಾತು ಕೇಳಲಿಲ್ಲ” ಎಂದು ದೂರು ಹೇಳಿದರು. ಅಮ್ಮ ದಖನಿಯಲ್ಲಿ, “ನನ್ನ ಮಾತನ್ನೂ ಕೇಳುವುದಿಲ್ಲ ಸಾಹೇಬ್, ತಾವೇ ಸ್ವಲ್ಪ ಬುದ್ಧಿ ಹೇಳಿ” ಎಂದಳು. ಸಾಹೇಬರು ಬಟ್ಟಲು ಕೆಳಗಿಟ್ಟು ಮನಸಾರೆ ನಕ್ಕರು. ಅವರನ್ನು ನಾನು ಕೊನೆಯದಾಗಿ ಕಂಡದ್ದು ಅಂದೇ.

ಶಿಫಾರಸು ಮಂಜೂರಾದ ಹುಕುಂ ಬರುವಷ್ಟರಲ್ಲಿ ಬಿಸಿಲು ಬಲಿತಿತ್ತು. ಗಡ್ಡೆಯ ಮೇಲೆ ಅದನ್ನು ಓದಿ ಹೇಳಲು ನಮ್ಮ ಕಡೆಯಿಂದ ನಾನು, ಅವರ ಕಡೆಯಿಂದ ದುಭಾಷಿ ಹೋದೆವು. ಕಾಲಿಡಲು ಜಾಗವಿಲ್ಲದಂತೆ ಬಳ್ಳಿ ಹಬ್ಬಿ, ಎಲೆಯ ಅಡಿಯಿಂದ ಹಣ್ಣುಗಳು ಇಣುಕುತ್ತಿದ್ದವು. ಮದುವೆಯನ್ನೂ ಅಲ್ಲಿಯೇ ಇಟ್ಟುಕೊಂಡಿದ್ದರು. ತನ್ನ ಮಗ ಚೀಟಿ ತೋರಿಸಿ ಮದುಮಗನಾಗಬೇಕಿಲ್ಲವೆಂದು ಅಕ್ಕ ಹಟ ಹಿಡಿದಿದ್ದಳಂತೆ. ನಾನು ಬಳ್ಳಿ ತುಳಿಯದಂತೆ ಒಂಟಿಗಾಲಲ್ಲಿ ನಿಂತು ಓದಲು ಶುರುಮಾಡಿದೆ. ಮೊದಲ ಮಾತುಗಳನ್ನು ಎಲ್ಲರೂ ಭಕ್ತಿಯಿಂದ ಕೇಳಿದರು. ಅಷ್ಟರಲ್ಲಿ ಬಡಗಣ ದಡದಲ್ಲಿ ಹಲಗೆಯ ಬಡಿತ, ಶಹನಾಯಿ ಶುರುವಾದವು. ಮದುಮಗಳ ಹರಗೋಲು ಗರಗರ ತಿರುಗುತ್ತ ಬರುತ್ತಿತ್ತು. ಕೇಳುತ್ತಿದ್ದವರೆಲ್ಲ ನೀರಿನಂಚಿಗೆ ಓಡಿದರು.

“ಓದ್ರಿ, ನಾ ಕೇಳಾಕತ್ತೀನಿ” ಎಂದರು ದುಭಾಷಿ.

ಷರತ್ತುಗಳನ್ನು, ಅಪವಾದಗಳನ್ನು, ಯಾವ ಯಾವ ಕಚೇರಿಗೆ ಪ್ರತಿ ಹೋಗಬೇಕೆಂಬುದನ್ನು ಆ ಹಲಗೆಯ ಸದ್ದಿನಲ್ಲಿ ಕೊನೆಯವರೆಗೆ ಓದಿದೆ. ಒಂದು ಮಾತೂ ಬಿಡಲಿಲ್ಲ. ಕೊನೆಯ ಸಾಲಿನಲ್ಲಿದ್ದಾಗ ಅಕ್ಕ ಜನರ ನಡುವಿನಿಂದ ಕೂಗಿದಳು:

“ಏ ಮುನ್ಷಿ ಸಾಹೇಬ್ರ, ಓದಿದ್ದು ಸಾಕು! ಅಕ್ಕಿಕಾಳು ಹಿಡೀರಿ, ಹೊತ್ತು ಮೀರತೈತಿ!”

ನಾನು ಹುಕುಂ ಮಡಚಿ ಜೇಬಿಗಿಟ್ಟು, ಬಳ್ಳಿಗಳನ್ನು ದಾಟಿಕೊಂಡು ಹೋಗಿ, ಎರಡೂ ಕೈ ಚಾಚಿದೆ.